ನನ್ನ ಸೊಂಟವೂ ಬ್ಯಾಂಡಿನವರ ಕೋಟೂ

ಬೀದಿಯಲ್ಲಿ ಎದುರಾದವರು ಬೇರೆಯವರನ್ನು ‘ಚೆನ್ನಾಗಿದ್ದೀರಾ’ ಎಂದು ಕೇಳುತ್ತಾರೆ, ನನ್ನನ್ನು ಮಾತ್ರ ‘ಸೊಂಟ ಹೇಗಿದೆ’ ಎಂದು ಕೇಳುತ್ತಾರೆ. ಮೊದಮೊದಲು ಬೇಸರವಾಗುತ್ತಿತ್ತು. ಈಗ ಒಪ್ಪಿಕೊಂಡಿದ್ದೇನೆ. ನಮ್ಮ ಬೀದಿಯಲ್ಲಿ ನನಗಿಂತ ನನ್ನ ಸೊಂಟಕ್ಕೇ ಹೆಸರು ಜಾಸ್ತಿ. ಹಾಲಿನವನು ಕೂಡ ಅದರ ಯೋಗಕ್ಷೇಮ ವಿಚಾರಿಸಿಕೊಂಡೇ ಹಾಲು ಅಳೆಯುವುದು.

ಈ ಹೆಸರು ಸುಮ್ಮನೆ ಬಂದದ್ದಲ್ಲ, ಕೂತು ಸಂಪಾದಿಸಿದ್ದು. ನನ್ನ ಮೈದುನ ದರ್ಜಿ. ಅವನ ಅಂಗಡಿಯಲ್ಲಿ ಕೈಹೊಲಿಗೆಯೆಲ್ಲ ನನ್ನದು. ಅಂಚು ಮಡಚಿ ಹೊಲಿಯುವುದು, ಗುಂಡಿ ತೂರಿಸುವ ಕಾಜಾ ತೆಗೆಯುವುದು, ಗುಂಡಿ ಹಾಕುವುದು, ಕೋಟಿನ ಒಳಗೆ ಲೈನಿಂಗ್ ಬಟ್ಟೆ ಕೂರಿಸುವುದು. ಗಂಡ ಹೋದ ಮೇಲೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು ಆ ಅಂಗಡಿಯ ಕಿಟಕಿಯ ಕೆಳಗೆ ಒಂದು ಮಣೆ ಹಾಕಿಕೊಂಡು ಕೂತೆ. ಮಗಳು ದೊಡ್ಡವಳಾದಳು, ಓದಿದಳು, ಅಂಚೆ ಕಚೇರಿಯ ಕೌಂಟರಿಗೆ ಹೋಗಿ ಕೂತಳು. ನಾನು ಮಾತ್ರ ಅದೇ ಮಣೆ, ಅದೇ ಕಿಟಕಿ.

ಎಲ್ಲರಿಗೂ ಒಂದೊಂದು ಜಂಬ ಇರುತ್ತದೆ. ಕೆಲವರಿಗೆ ಜಡೆಯದು, ಕೆಲವರಿಗೆ ಅಳಿಯನದು. ನನಗೆ ಕೂರುವುದರ ಜಂಬ. ಒಂದು ಸಲ ಕೂತೆನೆಂದರೆ ಕೋಟು ಮುಗಿಯುವವರೆಗೆ ಏಳುತ್ತಿರಲಿಲ್ಲ. ಸೂಜಿಗೆ ಮತ್ತೆ ಮತ್ತೆ ದಾರ ಪೋಣಿಸುವುದು ಕೈಲಾಗದವರ ಕೆಲಸ ಎಂದು ನನ್ನ ಎಣಿಕೆ. ತೋಳು ಚಾಚಿದಷ್ಟೂ ಉದ್ದಕ್ಕೆ ದಾರ ಎಳೆದು, ಗಂಟು ಬೀಳದಂತೆ ಮೇಣ ತೀಡಿ, ಆ ಒಂದೇ ದಾರದಲ್ಲಿ ಕೋಟಿನ ಒಂದು ಪಕ್ಕವನ್ನೇ ಮುಗಿಸುತ್ತಿದ್ದೆ. ಗಿರಾಕಿಗಳಿಗೆ ಮೈದುನ ಹೇಳುತ್ತಿದ್ದ, “ನಮ್ಮ ಅತ್ತಿಗೆ ಕೂತ್ರೆ ಕೂತ ಹಾಗೆ, ಭೂಕಂಪ ಆದ್ರೂ ಏಳಲ್ಲ.” ನಾನು ತಲೆ ಬಗ್ಗಿಸಿಕೊಂಡು ಕೇಳಿಸದವಳ ಹಾಗೆ ಕೇಳಿಸಿಕೊಳ್ಳುತ್ತಿದ್ದೆ.

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಕೂತು ಹೊಲಿಯುವವರಿಗೆ ಒಂದು ಸೊಂಟ ಸಾಲದು ಎಂದು ಮಾತ್ರ ಯಾರೂ ಗಾದೆ ಕಟ್ಟಲಿಲ್ಲ. ಕಟ್ಟಿದ್ದರೂ ನಾನು ಅದನ್ನು ಬೇರೆಯವರಿಗೆ ಹೇಳಲು ಇಟ್ಟುಕೊಳ್ಳುತ್ತಿದ್ದೆ.

ನೋವು ಬಂದದ್ದು ನೆಂಟರ ಹಾಗೆ. ಎರಡು ದಿನ ಇದ್ದು ಹೋಗುತ್ತದೆ ಎಂದುಕೊಂಡು ಬಿಸಿನೀರಿನ ಚೀಲ ಕೊಟ್ಟು ಉಪಚಾರ ಮಾಡಿದೆ. ಉಪಚಾರ ಹಿಡಿಸಿತೋ ಏನೋ, ಗಂಟುಮೂಟೆ ತರಿಸಿಕೊಂಡು ಇಲ್ಲೇ ಉಳಿಯಿತು. ಪಕ್ಕದ ಮನೆಯವಳು ಗಟ್ಟಿ ಹಾಸಿಗೆಯಲ್ಲಿ ಮಲಗಿ ಎಂದಳು. ಎದುರು ಮನೆಯವಳು ಮೆತ್ತನೆಯದರಲ್ಲಿ ಎಂದಳು. ಇಬ್ಬರ ಮಾತನ್ನೂ ಮೀರಬಾರದೆಂದು ಸ್ವಲ್ಪ ಹೊತ್ತು ಇದರ ಮೇಲೆ, ಸ್ವಲ್ಪ ಹೊತ್ತು ಅದರ ಮೇಲೆ ಮಲಗಿ, ಬೆಳಗಾಗುವುದರೊಳಗೆ ಕುತ್ತಿಗೆಯನ್ನೂ ಹಿಡಿಸಿಕೊಂಡೆ. ಎಣ್ಣೆ ತಿಕ್ಕಿಸಿಕೊಂಡೆ, ಪಟ್ಟಿ ಕಟ್ಟಿಸಿಕೊಂಡೆ, ಮುಲಾಮು ಬಳಿದುಕೊಂಡೆ. ಅಂಗಡಿಗೆ ನಾನು ಬರುವುದು ನಾನು ಬರುವ ಮೊದಲೇ ವಾಸನೆಯಿಂದ ಎಲ್ಲರಿಗೂ ತಿಳಿಯುತ್ತಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಬೆನ್ನಿನ ಚಿತ್ರ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಮಗಳು ಅವರ ಮುಖ ನೋಡುತ್ತಿದ್ದಳು, ನಾನು ನನ್ನ ಬೆನ್ನು ನೋಡುತ್ತಿದ್ದೆ. ಇಷ್ಟು ವರ್ಷ ಹಿಂದೆಯೇ ಇದ್ದದ್ದನ್ನು ಮುಂದಿನಿಂದ ಕಂಡದ್ದು ಅವತ್ತೇ.

“ಆಪರೇಷನ್ ಮಾಡೋ ಅಂಥದ್ದೇನಿಲ್ಲಮ್ಮ. ಮೂಳೆ ಸವೆದಿದೆ. ನೋವು ಪೂರ್ತಿ ಹೋಗಲ್ಲ. ಇದರ ಜೊತೆ ಬಾಳೋದು ಕಲೀಬೇಕು.”

“ಅತ್ತೆ ಜೊತೆ ಬಾಳಿದ್ದೀನಿ ಡಾಕ್ಟ್ರೇ, ಇದೇನು ಮಹಾ” ಎಂದೆ.

ಡಾಕ್ಟರು ನಕ್ಕರು. ಮಗಳು ನಗಲಿಲ್ಲ. ಅವಳಿಗೆ ನಗು ಬಾರದಿದ್ದುದಕ್ಕೆ ಕಾರಣವಿತ್ತು. ಆಸ್ಪತ್ರೆಗೆ ಹೋಗುವ ಮೊದಲು ಒಂದು ಸಂಜೆ ನಾನು ಅಂಗಡಿಯಲ್ಲಿ ಮಣೆಯಿಂದ ಏಳಲು ಹೋಗಿ ಅರ್ಧಕ್ಕೇ ನಿಂತುಬಿಟ್ಟಿದ್ದೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೊನೆಗೆ ಮೈದುನನೂ ಅಂಗಡಿಯಲ್ಲಿ ಮಿಷನ್ನಿನಲ್ಲಿ ಹೊಲಿಯುವವನೂ ಸೇರಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕುರ್ಚಿಸಮೇತ ಹೊತ್ತು, ಇಡೀ ಬೀದಿ ನೋಡುವಂತೆ ಮನೆಗೆ ತಂದು ಇಳಿಸಿದ್ದರು. ಬಾಗಿಲು ತೆಗೆದ ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಕುರ್ಚಿಯ ಮೇಲಿಂದ “ಟೀ ಇಡು, ಇವರಿಗೆ ಸುಸ್ತಾಗಿದೆ” ಎಂದೆನಂತೆ.

ಆಮೇಲೆ ಕೆಲವು ವಾರ ಮನೆಯಲ್ಲೇ ಮಲಗಿದ್ದೆ. ಅದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಮಗಳು ಕೆಲಸಕ್ಕೆ ಹೋದ ಮೇಲೆ ಆ ಕೋಣೆಯಲ್ಲಿ ಗಡಿಯಾರ, ನಲ್ಲಿ, ನಾನು. ಮೇಲಿನ ಮನೆಯವರು ಕುರ್ಚಿ ಎಳೆದರೆ ಅದೇ ಒಂದು ದೊಡ್ಡ ಸಮಾಚಾರ. ನನಗೆ ಕಿವಿ ಚುರುಕು. ಅಂಗಡಿಯಲ್ಲಾದರೆ ಮಿಷನ್ನಿನ ಸದ್ದು, ಇಸ್ತ್ರಿಪೆಟ್ಟಿಗೆಯಡಿ ನೀರು ಚುರ್ ಎನ್ನುವುದು, ಗಿರಾಕಿಗಳ ಜಗಳ, ಬೀದಿಯ ಮಾತು, ಇವೆಲ್ಲ ಕಿವಿಗೆ ಊಟ. ಮನೆಯಲ್ಲಿ ಕಿವಿಗೆ ಸಿಕ್ಕಿದ್ದು ಸೊಂಟ ಒಂದೇ. ಬೆಳಗಿನಿಂದ ಸಂಜೆಯವರೆಗೆ ಅದರ ಮಾತೇ ಕೇಳಬೇಕು. ಅದಕ್ಕೋ, ಇಷ್ಟು ಒಳ್ಳೆಯ ಕೇಳುಗರು ಸಿಕ್ಕಿದ ಸಂತೋಷಕ್ಕೆ ಮಾತೇ ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ಅದೇ ನೋವು ಮೂಲೆಯಲ್ಲಿ ಕೂತ ಮುದುಕಿಯಷ್ಟಿತ್ತು, ಮನೆಯಲ್ಲಿ ಯಜಮಾನಿಯಾಯಿತು.

“ಕೆಲಸ ಬಿಡಮ್ಮ” ಎಂದಳು ಮಗಳು. “ನನ್ನ ಸಂಬಳ ಇದೆ. ನಿಂಗೆ ಏನು ಕಡಿಮೆ?”

“ನಂಗೆ ಸದ್ದು ಕಡಿಮೆ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರಲಿಲ್ಲ.

ಆಗ ಊರಿನ ಬ್ಯಾಂಡಿನವರು ಎಲ್ಲ ವಾದ್ಯಗಾರರಿಗೂ ಹೊಸ ಕೋಟು ಹೊಲಿಸಲು ಮೈದುನನಿಗೆ ಕೊಟ್ಟಿದ್ದರು. ಕೆಂಪು ಕೋಟು, ಹಿತ್ತಾಳೆ ಗುಂಡಿ, ಒಳಗೆ ಲೈನಿಂಗ್. ಕೈಹೊಲಿಗೆಯ ರಾಶಿ. ಅದನ್ನೇ ನೆವ ಮಾಡಿಕೊಂಡು ಮಗಳ ಮುಂದೆ ಅತ್ತೂ ಕರೆದೂ ಒಂದು ಒಪ್ಪಂದ ಮಾಡಿಕೊಂಡೆ.

“ಈ ಕೋಟುಗಳು ಮುಗಿಯೋವರೆಗೆ ನೋಡ್ತೀನಿ” ಎಂದಳು. “ಅಷ್ಟರಲ್ಲಿ ಇನ್ನೊಂದು ಸಲ ಹಿಂಗೇನಾದ್ರೂ ಆಯ್ತು ಅಂದ್ರೆ, ಮುಗೀತು. ಮಣೇನೂ ಮನೆಗೆ ಬರತ್ತೆ, ನೀನೂ ಮನೆಗೆ ಬರ್ತೀಯ. ಆಮೇಲೆ ಮಾತಿಲ್ಲ. ಮತ್ತೆ ದೊಡ್ಡಾಸ್ಪತ್ರೇಲಿರೋ ವ್ಯಾಯಾಮದ ಡಾಕ್ಟ್ರ ಹತ್ರ ಹೋಗಿ, ಅವರು ಹೇಳಿದ್ದೆಲ್ಲ ಮಾಡ್ಬೇಕು.”

ವ್ಯಾಯಾಮದ ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ನನ್ನನ್ನು ಗೋಡೆಗೆ ನಿಲ್ಲಿಸಿ, ಬಗ್ಗಿಸಿ, ಮಲಗಿಸಿ, ಒಂದು ಕಾಲು ಎತ್ತಿಸಿ, ಬಟ್ಟೆ ಪರೀಕ್ಷೆ ಮಾಡುವ ಗಿರಾಕಿಯ ಹಾಗೆ ಎಲ್ಲ ಕಡೆ ಎಳೆದು ನೋಡಿದಳು. ಆಮೇಲೆ ಎದುರು ಕೂತು ಕೇಳಿದಳು.

“ಅಮ್ಮ, ಹೊಲಿಯೋವಾಗ ಎಷ್ಟು ಹೊತ್ತಿಗೊಂದು ಸಲ ಏಳ್ತೀರಿ?”

“ದಾರ ಮುಗಿದಾಗ.”

“ದಾರ ಎಷ್ಟು ಹೊತ್ತಿಗೆ ಮುಗಿಯತ್ತೆ?”

ಜಂಬದಿಂದಲೇ ಹೇಳಿದೆ. ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು.

“ಹಾಗಾದ್ರೆ ಮೊಳದುದ್ದ ದಾರ ತಗೊಳ್ಳಿ. ರೀಲು ಪಕ್ಕದಲ್ಲಿ ಇಟ್ಕೋಬೇಡಿ, ದೂರ ಎಲ್ಲಾದ್ರೂ ಇಡಿ. ದಾರ ಮುಗಿದಾಗೆಲ್ಲ ಎದ್ದು ಹೋಗಿ ತಗೊಂಡು ಬನ್ನಿ. ಮಣೆ ಬೇಡ, ಎತ್ತರದ ಕುರ್ಚಿ ಇರ್ಲಿ. ನೋವು ಬಂದಾಗ ಹಲ್ಲು ಕಚ್ಚಬೇಡಿ. ಕಣ್ಣು ಮುಚ್ಚಿ, ನಿಧಾನಕ್ಕೆ ಉಸಿರು ಬಿಡಿ. ನೋವು ಎಲ್ಲಿದೆ, ಹೇಗಿದೆ ಅಂತ ಸುಮ್ಮನೆ ನೋಡಿ, ಜಗಳ ಆಡ್ಬೇಡಿ. ಮತ್ತೆ, ನೋಯ್ತಿದ್ರೆ ನೋಯ್ತಿದೆ ಅಂತ ಪಕ್ಕದಲ್ಲಿರೋರಿಗೆ ಹೇಳಿ.”

ಎಲ್ಲಕ್ಕೂ ತಲೆ ಆಡಿಸಿದೆ. ತಲೆ ಆಡಿಸಲು ಸೊಂಟ ಬೇಕಾಗಿಲ್ಲ. ಮನೆಗೆ ಬರುವ ದಾರಿಯಲ್ಲೇ ಯಾವುದನ್ನು ಮಾಡುವುದು, ಯಾವುದನ್ನು ಬಿಡುವುದು ಎಂದು ಆರಿಸಿಕೊಂಡೆ. ಮೊಳದುದ್ದ ದಾರ ಹಿಡಿದು ಪದೇ ಪದೇ ಎದ್ದು ಓಡಾಡಿದರೆ ಅಂಗಡಿಯವರು ಏನೆಂದುಕೊಂಡಾರು? ಕುರ್ಚಿಯೋ, ಅದು ಗಿರಾಕಿಗಳದು. ನೋಯುತ್ತಿದೆ ಎಂದು ಹೇಳುವುದಂತೂ ನನ್ನ ಕೈಯಾರೆ ನಾನೇ ಮಣೆ ಎತ್ತಿ ಮಗಳಿಗೆ ಕೊಟ್ಟಂತೆ. ಉಳಿದದ್ದು ಕಣ್ಣು ಮುಚ್ಚಿ ಉಸಿರಾಡುವುದು. ಅದನ್ನು ಕೂತಲ್ಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಅದೊಂದನ್ನು ಮಾತ್ರ ಬಹಳ ಶ್ರದ್ಧೆಯಿಂದ ಹಿಡಿದುಕೊಂಡೆ.

ಅಂಗಡಿಗೆ ಹೋದೆ. ಮಿಷನ್ನಿನಲ್ಲಿ ಹೊಲಿಯುವವನಿಗೆ ಎಲ್ಲರೂ ಮೋಟಾರು ಎನ್ನುತ್ತಾರೆ. ಮಿಷನ್ ನಿಂತರೂ ಅವನ ಬಾಯಿ ನಿಲ್ಲುವುದಿಲ್ಲ. ಎರಡು ಮಕ್ಕಳ ತಂದೆ, ಆದರೂ ಹೆಸರು ಬಿಡಲಿಲ್ಲ.

“ಏನು ದೊಡ್ಡಮ್ಮ, ಗುಣ ಆಯ್ತಾ?” ಎಂದು ಕೇಳಿದ.

“ಆಯ್ತಪ್ಪ. ಆ ಡಾಕ್ಟರಮ್ಮನ ಕೈಗುಣ ನೋಡು. ಎಲ್ಲಿ ಹೋಯ್ತೋ ನೋವು.”

ಮಗಳಿಗೂ ದಿನಾ ಸಂಜೆ ಅದೇ ಮಾತು. ಮೈದುನನಿಗೂ ಅದೇ ಮಾತು. ಸುಳ್ಳು ಹೇಳಿ ಹೇಳಿ ನನಗೇ ಅರ್ಧ ನಂಬಿಕೆ ಬಂದಿತ್ತು. ಸೊಂಟ ಮಾತ್ರ ನಂಬಲಿಲ್ಲ.

ಬ್ಯಾಂಡಿನ ಮೇಸ್ತ್ರಿಯ ಕೋಟು ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಬ್ಯಾಂಡಿನ ಮೇಸ್ತ್ರಿಯೇ ಎಲ್ಲರಿಗಿಂತ ದೊಡ್ಡವರು. ಅವರ ಹೊಟ್ಟೆಯ ಅಳತೆ ತೆಗೆಯುವಾಗ ಮೈದುನ ಟೇಪಿನ ಒಂದು ತುದಿ ಮೋಟಾರಿನ ಕೈಗೆ ಕೊಟ್ಟಿದ್ದ. ಅವತ್ತು ಬೆಳಿಗ್ಗೆಯಿಂದ ಆ ಕೋಟಿನ ಹಿಂಭಾಗದ ಕೆಳ ಅಂಚಿಗೆ ಲೈನಿಂಗ್ ಕೂರಿಸುತ್ತಿದ್ದೆ. ಮಡಿಲ ತುಂಬ ಕೆಂಪು ಬಟ್ಟೆ, ಸೂಜಿಯಲ್ಲಿ ನನ್ನ ಹಳೆಯ ಜಂಬದಷ್ಟು ಉದ್ದ ದಾರ. ಊಟದ ಹೊತ್ತು ಕಳೆದ ಮೇಲೆ ನೋವು ಶುರುವಾಯಿತು. ಸಾಮಾನ್ಯದ ನೋವಲ್ಲ, ಒದ್ದೆ ಬಟ್ಟೆ ಹಿಂಡುವ ಹಾಗೆ.

ಸರಿ, ವಿದ್ಯೆ ಕಲಿತಿದ್ದೇನಲ್ಲ. ಕಣ್ಣು ಮುಚ್ಚಿದೆ. ಉಸಿರು ಎಳೆದೆ, ಬಿಟ್ಟೆ. ನೋವು ಎಲ್ಲಿದೆ? ಎಡಗಡೆ, ಕೆಳಗೆ. ಹೇಗಿದೆ? ಕೆಟ್ಟದಾಗಿದೆ. ಇರಲಿ, ಜಗಳ ಬೇಡ. ಕೈ ನಿಲ್ಲಿಸಬೇಕು ಎಂದು ಡಾಕ್ಟರಮ್ಮ ಹೇಳಿರಲಿಲ್ಲ, ನನಗೂ ಹೊಳೆಯಲಿಲ್ಲ. ಇಷ್ಟು ವರ್ಷ ಹೊಲಿದ ಕೈಗೆ ಕಣ್ಣು ಬೇಕೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಕಣ್ಣು ಮುಚ್ಚಿ ಹೊಲಿಯುತ್ತ ಹೋದೆ. ನಿಜ ಹೇಳಬೇಕೆಂದರೆ ನೋವು ಸ್ವಲ್ಪ ಹಿಂದೆ ಸರಿಯಿತು. ಆಹಾ, ಇದಲ್ಲವೇ ಉಪಾಯ ಎಂದುಕೊಂಡೆ. ಇನ್ನೂ ನಿಧಾನಕ್ಕೆ ಉಸಿರು ಬಿಟ್ಟೆ, ಇನ್ನೂ ಚುರುಕಾಗಿ ಹೊಲಿದೆ.

ಬಾಗಿಲಲ್ಲಿ ಭಾರವಾದ ಹೆಜ್ಜೆ ಕೇಳಿಸಿತು.

“ನಂದು ಆಯ್ತೇನ್ರಿ? ನಮ್ಮವರು ಅಲ್ಲಿ ಕಾಯ್ತಿದಾರೆ. ಒಂದು ಸಲ ಹಾಕ್ಕೊಂಡು ನೋಡಿ ಹೋಗ್ಬಿಡ್ತೀನಿ” ಎಂದರು ಬ್ಯಾಂಡಿನ ಮೇಸ್ತ್ರಿ.

“ಆಯ್ತು ಸ್ವಾಮಿ, ಬನ್ನಿ. ಅತ್ತಿಗೆ, ಆ ಕೋಟು ಕೊಡಿ” ಎಂದ ಮೈದುನ.

ಕಣ್ಣು ಬಿಟ್ಟು ಕೋಟು ಎತ್ತಿದೆ. ಅದರ ಜೊತೆ ನಾನು ಉಟ್ಟ ಸೀರೆಯೂ ಮೇಲೆದ್ದಿತು. ಇಳಿಸಿ ಮತ್ತೆ ಎತ್ತಿದೆ. ಮತ್ತೆ ಎದ್ದಿತು. ನೋಡಿದರೆ ಕೋಟು, ಲೈನಿಂಗ್, ನನ್ನ ಸೀರೆ ಮೂರನ್ನೂ ಸೇರಿಸಿ ಹೊಲಿದಿದ್ದೇನೆ. ಸಡಿಲವಾಗಿಯಾದರೂ ಹೊಲಿದಿದ್ದೇನೆಯೇ? ಇಲ್ಲ, ಅಷ್ಟು ಚೆಂದದ ಸಣ್ಣ ಹೊಲಿಗೆ ನಾನು ಯಾವತ್ತೂ ಹಾಕಿರಲಿಲ್ಲ.

“ಒಂದೇ ಒಂದು ಹೊಲಿಗೆ ಬಾಕಿ ಇದೆ” ಎಂದೆ, ಕತ್ತರಿಗಾಗಿ ತಡಕಾಡುತ್ತ.

“ಪರವಾಗಿಲ್ಲಮ್ಮ, ಬಾಕಿ ಇದ್ರೆ ಇರ್ಲಿ” ಎಂದು ಮೇಸ್ತ್ರಿಯವರೇ ಬಗ್ಗಿ ಕೋಟಿನ ಕೊರಳು ಹಿಡಿದು ಎತ್ತಿ, ಒಂದು ತೋಳು ತೂರಿಸಿಯೇಬಿಟ್ಟರು. ದೊಡ್ಡ ಮನುಷ್ಯ, ದೊಡ್ಡ ಸೆಳೆತ. ನಾನು ಮಣೆಯಿಂದ ಮೊಣಕಾಲಿಗೆ ಬಂದೆ. ಇನ್ನೊಂದು ತೋಳನ್ನೂ ಹಾಕಿಕೊಂಡರು. ನಾನು ಅವರ ಬೆನ್ನ ಹಿಂದೆ, ಎರಡು ಕೈಯಲ್ಲೂ ಕೋಟಿನ ಅಂಚು ಹಿಡಿದು, ಮೊಣಕಾಲ ಮೇಲೆ ನಿಂತಿದ್ದೇನೆ.

“ಹಿಂದೆ ಸರಿಯಾಗಿ ಕೂತಿದೆಯಾ ದೊಡ್ಡಮ್ಮ?” ಎಂದ ಮೋಟಾರು. ನಾನು ಅಂಚು ಸರಿಪಡಿಸುತ್ತಿದ್ದೇನೆ ಎಂದು ಅವನ ಭಾವನೆ.

“ಚೆನ್ನಾಗಿ ಕೂತಿದೆ” ಎಂದೆ. ಆ ಹೊತ್ತಿನಲ್ಲೂ ಸುಳ್ಳು.

ಮೇಸ್ತ್ರಿಯವರು ಕನ್ನಡಿಯ ಕಡೆ ತಿರುಗಿದರು. ನಾನೂ ತಿರುಗಿದೆ. ಆ ಪಕ್ಕ ನೋಡಿಕೊಳ್ಳಲು ಹೊರಳಿದರು. ನಾನೂ ಮೊಣಕಾಲಲ್ಲೇ ಸುತ್ತಿ ಬಂದೆ. ಇಷ್ಟು ಮುತುವರ್ಜಿಯ ಕೆಲಸಗಾರ್ತಿಯನ್ನು ಅವರು ಕಂಡಿರಲಿಕ್ಕಿಲ್ಲ. “ಬಣ್ಣ ಬೆಳಕಲ್ಲಿ ಹೇಗೆ ಕಾಣತ್ತೆ ನೋಡೋಣ” ಎಂದು ಬೀದಿಯ ಕಡೆ ಕಾಲಿಟ್ಟರು.

“ನಿಲ್ಲಿ ಸ್ವಾಮಿ” ಎಂದೆ. “ನಾನೂ ಕೋಟಿನ ಜೊತೆಗೇ ಇದ್ದೀನಿ.”

ಮೋಟಾರಿನ ಬಾಯಿ ನಿಂತಿತು. ಅಷ್ಟರಲ್ಲಿ ಸೊಂಟದಲ್ಲಿ ಏನೋ ಹಿಡಿದುಕೊಂಡು ನಾನು ಎರಡೂ ಕೈ ನೆಲಕ್ಕೆ ಊರಿದೆ. ಏಳಲು ಆಗಲಿಲ್ಲ. ಎಲ್ಲರೂ ಹೊಲಿಗೆಯಿಂದಾಗಿ ಏಳಲಾಗುತ್ತಿಲ್ಲ ಎಂದುಕೊಂಡರು. ಮೈದುನ ಬ್ಲೇಡು ತಂದು ಕೂತು ಒಂದೊಂದೇ ಹೊಲಿಗೆ ಬಿಡಿಸಿದ. ಕೋಟು ಬಿಟ್ಟುಕೊಂಡಿತು. ನಾನು ಅಲ್ಲೇ ಇದ್ದೆ.

“ಏಳಿ ಅತ್ತಿಗೆ, ಬಿಡಿಸಿದೀನಿ.”

“ಕೋಟಿನದು ಬಿಡಿಸ್ದೆ” ಎಂದೆ. “ಸೊಂಟದ್ದು ಬಿಟ್ಟಿಲ್ಲ.”

ಬ್ಯಾಂಡಿನ ಮೇಸ್ತ್ರಿ ಒಳ್ಳೆಯವರು. ನಗು ತಡೆದುಕೊಂಡು ನನ್ನ ಕಂಕುಳಿಗೆ ಕೈ ಹಾಕಿ, ಎತ್ತಿ, ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದರು. “ನಿಧಾನಕ್ಕೆ ಆಗ್ಲಿ, ಅವಸರ ಇಲ್ಲ” ಎಂದು ಹೇಳಿ ಹೋದರು. ಬೀದಿಯ ತಿರುವು ದಾಟಿದ ಮೇಲೆ ಅವರ ನಗು ಕೇಳಿಸಿತು. ನನ್ನ ಕಿವಿ ಚುರುಕು ಎಂದೆನಲ್ಲ.

ಮೈದುನ ಮೇಜಿನ ಹತ್ತಿರ ಹೋಗಿ ಮುಂದಿನ ಕೋಟಿನ ಬಟ್ಟೆ ಹರಡಿ ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಹಾಕಿದ. ಕತ್ತರಿಸುತ್ತಲೇ, ನನ್ನ ಕಡೆ ನೋಡದೆ ಹೇಳಿದ.

“ಸಾಕು ಅತ್ತಿಗೆ. ನೋವೇ ಇಲ್ಲ ಅಂತಿದ್ರಿ. ಇಷ್ಟು ದಿನ ಹಲ್ಲು ಕಚ್ಕೊಂಡು ಕೂತಿದ್ರಾ? ನಿಮಗೆ ಏನಾದ್ರೂ ಆದ್ರೆ ನಿಮ್ಮ ಮಗಳಿಗೆ ನಾನು ಯಾವ ಮುಖ ತೋರಿಸ್ಲಿ? ನಾಳೆಯಿಂದ ಬರಬೇಡಿ. ಮಣೆ ನಾನೇ ತಂದ್ಕೊಡ್ತೀನಿ.”

ಅವನು ಹೇಳಿದ್ದೆಲ್ಲ ಸರಿ. ಗಿರಾಕಿಗಳ ಕುರ್ಚಿಯಲ್ಲಿ, ಗಿರಾಕಿಯೂ ಅಲ್ಲದೆ ಕೆಲಸದವಳೂ ಅಲ್ಲದೆ, ಸೀರೆಯಲ್ಲಿ ಸೂಜಿ ತೂತುಗಳ ಸಾಲು ಇಟ್ಟುಕೊಂಡು ಕೂತಿದ್ದೆ. ನಾಳೆಯಿಂದ ಗಡಿಯಾರ, ನಲ್ಲಿ, ನಾನು. ಮಾಡಲು ಏನೂ ಇಲ್ಲದ್ದರಿಂದ ಕತ್ತರಿಯ ಸದ್ದು ಕೇಳುತ್ತಿದ್ದೆ.

ಆ ಸದ್ದು ನನಗೆ ಅವನು ಚಿಕ್ಕವನಿದ್ದಾಗಿನಿಂದ ಗೊತ್ತು. ಬಟ್ಟೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಹೋಗುವ ಕತ್ತರಿ. ಈಗ ಅದು ಇಲಿ ಕಡಿದ ಹಾಗೆ ಕೇಳಿಸುತ್ತಿತ್ತು. ಕಡಿಯುತ್ತದೆ, ನಿಲ್ಲುತ್ತದೆ. ಕಡಿಯುತ್ತದೆ, ನಿಲ್ಲುತ್ತದೆ. ನಿಂತಾಗ ಅವನ ಮೂಗಿನಲ್ಲಿ ಸಣ್ಣ ಉಸಿರು.

“ಭುಜ ಯಾವಾಗಿಂದ?” ಎಂದೆ.

“ಯಾರ ಭುಜ?”

“ಕತ್ತರಿ ಹಿಡಿದಿರೋರ ಭುಜ.”

ಕತ್ತರಿ ಪೂರ್ತಿ ನಿಂತಿತು. ಮೋಟಾರು ಮಿಷನ್ನಿನಿಂದ ಕಾಲು ತೆಗೆದ.

“ಯಾರು ಹೇಳಿದ್ರು ನಿಮಗೆ?”

“ಯಾರೂ ಹೇಳಿಲ್ಲ. ಕೇಳಿಸ್ತಿದೆ.”

ಮೈದುನ ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಸ್ವಲ್ಪ ದಿನ ಆಯ್ತು. ಕೈ ಮೇಲೆತ್ತೋಕಾಗಲ್ಲ. ಅವಳಿಗೆ ಹೇಳಬೇಡಿ ಅತ್ತಿಗೆ, ಗೊತ್ತಾದ್ರೆ ಅಂಗಡಿ ಮುಚ್ಚು ಅಂತಾಳೆ.”

ಅವಳು ಎಂದರೆ ಅವನ ಹೆಂಡತಿ, ನನ್ನ ಓರಗಿತ್ತಿ.

“ಸರಿಯಾಗೇ ಹೇಳ್ತಾಳೆ. ಈಗ ನೀನು ನಂಗೆ ಹೇಳಿದ್ದೂ ಅದೇ ಅಲ್ವೇನಪ್ಪ? ನೋವಿರೋರು ಮನೆಗೆ ಹೋಗಬೇಕು. ನಡಿ, ಇಬ್ಬರೂ ಹೋಗೋಣ.”

“ಹಾಗಾದ್ರೆ ನಾಳೆಯಿಂದ ಅಂಗಡೀಲಿ ನಾನೊಬ್ಬನೇನಾ?” ಎಂದ ಮೋಟಾರು. “ನಂಗೂ ಸೂಜಿ ಕಣ್ಣು ಸ್ವಲ್ಪ ಮಂಜು ಮಂಜು. ಅದನ್ನ ಈಗಲೇ ಹೇಳಲೋ, ನಾಳೆ ಹೇಳಲೋ?”

ಮೈದುನನಿಗೆ ನಗು ಬಂತು, ನಕ್ಕದ್ದು ಭುಜಕ್ಕೆ ತಾಕಿ ಮುಖ ಹಿಂಡಿಕೊಂಡ. ಅದನ್ನು ನೋಡಿ ನಾನು ನಕ್ಕೆ, ಅದು ನನ್ನ ಸೊಂಟಕ್ಕೆ ತಾಕಿತು. ಆಮೇಲೆ ಅವನು ಮೇಜಿನ ಕೆಳಗಿನಿಂದ ಹಿಂದೆ ಇಸ್ತ್ರಿ ಮಾಡುತ್ತಿದ್ದವನ ಎತ್ತರದ ಹಳೆಯ ಸ್ಟೂಲು ಎಳೆದು, ಧೂಳು ಒರೆಸಿ, ನನ್ನ ಪಕ್ಕಕ್ಕೆ ಇಟ್ಟ. ‘ಬರಬೇಡಿ’ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆ ಎಂದು ಬಾಯಲ್ಲಿ ಹೇಳಲಿಲ್ಲ. ನಮ್ಮ ಮನೆಯ ಗಂಡಸರಿಗೆ ಅದು ಬರುವುದಿಲ್ಲ.

“ನಿಮ್ಮ ಮಗಳನ್ನ ಮಾತ್ರ ನೀವೇ ನೋಡ್ಕೊಳ್ಳಿ” ಎಂದ.

ಸಂಜೆ ಮಗಳು ಅಂಚೆ ಕಚೇರಿ ಮುಗಿಸಿ ನನ್ನನ್ನು ಕರೆದುಕೊಂಡು ಹೋಗಲು ಬಂದಳು. ಮೂವರೂ ಸುಮ್ಮನಿದ್ದದ್ದು ನೋಡಿಯೇ ಅವಳಿಗೆ ಅನುಮಾನ. ಮೋಟಾರು ಸುಮ್ಮನಿರುವುದೆಂದರೆ ಏನೋ ಆಗಿದೆ ಎಂದೇ ಅರ್ಥ. ಮೈದುನ “ಏನಿಲ್ಲಮ್ಮ, ಇವತ್ತು ಸ್ವಲ್ಪ ಬೇಗ...” ಎಂದು ಶುರು ಮಾಡಿದ. ನಾನು ಅವನನ್ನು ತಡೆದೆ. ಕೋಟಿನ ಕಥೆ ಪೂರ್ತಿ ಹೇಳಿದೆ. ಅಷ್ಟು ದಿನ ನೋವಿಲ್ಲ ಎಂದದ್ದೆಲ್ಲ ಸುಳ್ಳು ಎಂದೂ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡು ಮೊಣಕಾಲ ಮೇಲೆ ಸುತ್ತಿ ಬಂದದ್ದನ್ನು ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ. ನಗಲಿಲ್ಲ.

“ನಿನ್ನ ನೋವಿಗೆ ನಾನು ಹೆದರಲ್ಲಮ್ಮ” ಎಂದಳು. “ಅವತ್ತು ಕುರ್ಚಿ ಮೇಲೆ ಹೊತ್ಕೊಂಡು ಬಂದಾಗ್ಲೂ ಟೀ ಇಡು ಅಂದೆ. ನಿನ್ನ ಮುಖ ನೋಡಿದ್ರೆ ನಂಗೆ ಏನೂ ಗೊತ್ತಾಗಲ್ಲ. ಕೌಂಟರಲ್ಲಿ ಕೂತು ಸ್ಟಾಂಪು ಕೊಡ್ತಾ, ಈಗ ಅಮ್ಮ ಹೇಗಿದಾಳೋ ಅಂತ ಯೋಚನೆ ಮಾಡ್ತಿರ್ತೀನಿ. ಮನೇಲಿದ್ರೆ ಮನೇಲಾದ್ರೂ ಇದಾಳೆ ಅಂತ ಇರತ್ತೆ. ಅದಕ್ಕೇ ಬಿಡು ಅಂದಿದ್ದು.”

ಇಷ್ಟು ಕಿವಿ ಚುರುಕು ಎಂದು ಬೀಗುವವಳಿಗೆ ಸ್ವಂತ ಮಗಳ ದನಿಯಲ್ಲಿ ಇದು ಯಾವತ್ತೂ ಕೇಳಿಸಿರಲಿಲ್ಲ ನೋಡಿ. ಮಿಷನ್ನಿನ ಸದ್ದಿಗೆ ತೆರೆದ ಕಿವಿ ಮನೆಯ ಹೊಸಿಲು ದಾಟುತ್ತಲೇ ಮುಚ್ಚಿಕೊಳ್ಳುತ್ತಿತ್ತೋ ಏನೋ.

“ಇನ್ನು ಮೇಲೆ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ” ಎಂದೆ. “ನೀನು ನೋಡಿ ಆಮೇಲೆ ಹೇಳು, ಇರಬೇಕೋ ಬಿಡಬೇಕೋ ಅಂತ.”

ಅವಳು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ಮಣೆಯನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದಳು. ಅದನ್ನು ಈಗ ಬಟ್ಟೆ ಒಗೆಯುವಾಗ ಕೂರಲು ಅವಳೇ ಇಟ್ಟುಕೊಂಡಿದ್ದಾಳೆ.

ಮಾರನೆಯ ದಿನದಿಂದ ನನ್ನ ಹೊಸ ಬಾಳು. ದಾರದ ರೀಲು ಬಾಗಿಲ ಪಕ್ಕದ ಮೊಳೆಗೆ ಹೋಯಿತು. ಎತ್ತರದ ಸ್ಟೂಲಿನ ಮೇಲೆ ನಾನು, ಗೂಡಿನಲ್ಲಿಟ್ಟ ಗೂಬೆಯ ಹಾಗೆ. ಮೊಳದುದ್ದ ದಾರ ತೆಗೆದರೆ ಒಂದು ಕಾಜಾ ಮುಗಿಯುವಷ್ಟರಲ್ಲಿ ದಾರವೂ ಮುಗಿಯುತ್ತದೆ. ಏಳು, ಬಾಗಿಲವರೆಗೆ ನಡೆ, ದಾರ ಕಡಿ, ತಿರುಗಿ ಬಾ. ಬೀದಿಯವರೆಲ್ಲ ನಾನು ಯಾರಿಗೋ ಕಾಯುತ್ತಿದ್ದೇನೆ ಎಂದುಕೊಂಡರು. ಮೋಟಾರು ನಾನು ಎದ್ದಾಗಲೆಲ್ಲ “ದೊಡ್ಡಮ್ಮನ ಸವಾರಿ ಹೊರಟಿತು, ದಾರಿ ಬಿಡಿ” ಎನ್ನುತ್ತಿದ್ದ. ಬಾಗಿಲಲ್ಲಿ ನಿಂತು ಡಾಕ್ಟರಮ್ಮ ಹೇಳಿದ ಹಾಗೆ ಸೊಂಟ ಹಿಂದಕ್ಕೆ ಬಾಗಿಸುತ್ತೇನೆ. ನನ್ನನ್ನು ನೋಡಿ ಮೈದುನನೂ ಮೇಜು ಬಿಟ್ಟು ಬಂದು ಚೌಕಟ್ಟು ಹಿಡಿದು ಭುಜ ತಿರುಗಿಸುತ್ತಾನೆ. ಕಣ್ಣು ಮುಚ್ಚಿ ಉಸಿರಾಡುವುದನ್ನೂ ಬಿಟ್ಟಿಲ್ಲ. ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟ ಮೇಲೆಯೇ ಮುಚ್ಚುತ್ತೇನೆ.

ಇದರಿಂದ ನೋವು ಹೋಯಿತೇ ಎಂದರೆ, ಇಲ್ಲ. ಹಾಗೆ ಹೇಳಿದರೆ ಮತ್ತೆ ಹಳೆಯ ಚಾಳಿಯಾದೀತು. ಕೆಲವು ದಿನ ಕಡಿಮೆ, ಕೆಲವು ದಿನ ಜಾಸ್ತಿ. ಲೈನಿಂಗ್ ಕೂರಿಸುವ ಕೆಲಸ ನನ್ನಿಂದ ಆಗುವುದಿಲ್ಲ. ಅದನ್ನು ಮೋಟಾರಿನ ಹೆಂಡತಿ ಮನೆಯಲ್ಲಿ ಮಾಡಿಕೊಡುತ್ತಾಳೆ. ಚೆನ್ನಾಗಿಯೇ ಮಾಡುತ್ತಾಳೆ. ಅದು ಹೇಗಿದೆ ಎಂದು ತಿರುಗಿಸಿ ನೋಡುವಾಗ ಒಂದಾದರೂ ಹೊಲಿಗೆ ಸೊಟ್ಟ ಇರಲಿ ಎಂದು ಹುಡುಕುತ್ತೇನೆ. ಇರುವುದಿಲ್ಲ. ನನಗೆ ಉಳಿದದ್ದು ಕಾಜಾ, ಗುಂಡಿ, ಅಂಚು. ಸಂಜೆ ಮಗಳು ಕೇಳುತ್ತಾಳೆ, ನಾನು ಇದ್ದದ್ದು ಹೇಳುತ್ತೇನೆ. ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ಇರು ಎಂದೂ ಹೇಳಿರಲಿಲ್ಲ, ಬಿಡು ಎಂದೂ ಹೇಳಿರಲಿಲ್ಲ. ಬ್ಯಾಂಡಿನವರ ಕೋಟುಗಳೆಲ್ಲ ಮುಗಿದು ಹೋದ ಮೇಲೂ ಆ ಮಾತು ಹಾಗೇ ನೇತಾಡುತ್ತಿತ್ತು.

ಮೊನ್ನೆ ಒಂದು ಕೆಟ್ಟ ದಿನ ಬಂತು. ಸ್ಟೂಲಿನಲ್ಲಿ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ಬಾಯಿ ಅಭ್ಯಾಸಬಲದಿಂದ ‘ಏನಿಲ್ಲ’ ಎನ್ನಲು ಹೊರಟಿತ್ತು.

“ನೋಯ್ತಿದೆ” ಎಂದೆ. “ಮಲಗಬೇಕು.”

ಅಂಗಡಿಯಲ್ಲಿ ಮಲಗುವ ಜಾಗ ಎಲ್ಲಿದೆ? ಮೈದುನ ಬಟ್ಟೆ ಕತ್ತರಿಸುವ ಮೇಜಿನ ಅರ್ಧ ಭಾಗ ಖಾಲಿ ಮಾಡಿದ. ಇಬ್ಬರೂ ಹಿಡಿದು ಹತ್ತಿಸಿದರು. ತಲೆಗೆ ಬಟ್ಟೆ ಚೂರುಗಳ ಗಂಟು ಇಟ್ಟು, ಮೊಣಕಾಲು ಮಡಚಿ, ಮೇಲ್ಛಾವಣಿ ನೋಡುತ್ತ ಮಲಗಿದೆ. ಕಾಲ ಬುಡದಲ್ಲಿ ಅವನು ಯಾರದೋ ಅಂಗಿ ಕತ್ತರಿಸುತ್ತಿದ್ದ.

“ಅತ್ತಿಗೆ, ಪಾದ ಸ್ವಲ್ಪ ಆ ಕಡೆ ಮಾಡಿ, ಸೀಮೆಸುಣ್ಣದ ಗೆರೆ ಅಳಿಸ್ತಿದೆ.”

ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬರು ಬಂದು ಬಾಗಿಲಲ್ಲೇ ನಿಂತರು. ಮೇಜಿನ ಮೇಲೆ ಉದ್ದಕ್ಕೆ ಮುದುಕಿ, ಪಕ್ಕದಲ್ಲಿ ಕತ್ತರಿ ಹಿಡಿದ ಮನುಷ್ಯ.

“ಆಮೇಲೆ ಬರ್ಲಾ?” ಎಂದರು.

“ಬನ್ನಿ ಬನ್ನಿ” ಎಂದ ಮೋಟಾರು. “ಇಲ್ಲಿ ಅಳತೆ ನಿಂತು ಕೊಟ್ರೂ ಆಗತ್ತೆ.”

ನಾನು ಮಲಗಿದಲ್ಲಿಂದಲೇ ಅವರಿಗೆ ನಮಸ್ಕಾರ ಮಾಡಿದೆ. ಸ್ವಲ್ಪ ಹೊತ್ತಿಗೆ ಹಿಡಿತ ಸಡಿಲವಾಯಿತು. ಇಳಿದು, ಬಾಗಿಲವರೆಗೆ ನಡೆದು, ದಾರ ತಂದು ಬಾಕಿ ಗುಂಡಿಗಳನ್ನು ಹಾಕಿದೆ.

ಸಂಜೆ ಮನೆಗೆ ನಡೆಯುವಾಗ ಮಗಳು ಕೇಳಿದಳು. “ಇವತ್ತು ಹೇಗಿತ್ತು?”

“ಕೆಟ್ಟದಾಗಿತ್ತು. ಮೇಜಿನ ಮೇಲೆ ಮಲಗಿದ್ದೆ.”

ಅವಳು ನಿಂತಳು. “ಯಾವ ಮೇಜು?”

“ಬಟ್ಟೆ ಕತ್ತರಿಸೋದು. ನಿನ್ನ ಚಿಕ್ಕಪ್ಪ ಅರ್ಧ ಬಿಟ್ಟುಕೊಟ್ಟ.”

“ಆಮೇಲೆ?”

“ಆಮೇಲೆ ಎದ್ದು ಗುಂಡಿ ಹಾಕಿದೆ.”

ಇನ್ನು ಹೇಳುತ್ತಾಳೆ, ಸಾಕು ಬಿಡು ಎನ್ನುತ್ತಾಳೆ ಎಂದು ನಾನು ಬೀದಿಯ ಕಲ್ಲು ನೋಡುತ್ತ ನಿಂತೆ. ಅವಳು ನನ್ನ ಕೈಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

“ತಲೆಗೆ ಏನು ಇಟ್ಕೊಂಡಿದ್ದೆ?”

“ಚೂರು ಬಟ್ಟೆ ಗಂಟು.”

“ಅದರಲ್ಲಿ ಸೂಜಿ ಗೀಜಿ ಇರತ್ತೆ” ಎಂದಳು. “ನಾಳೆ ಮನೆಯಿಂದ ದಿಂಬು ತಗೊಂಡು ಹೋಗು.”